ಒಂದು ಬೈಟಿನ ಚಿಲಕ

ಹಳೆಯ ಕಂಪ್ಯೂಟರಿನ ಸ್ಟಾರ್ಟಪ್ ಫೈಲನ್ನು ತಿದ್ದಲು ಹೋದಾಗ ಅದು ಕಾಣದಿದ್ದರೆ, ಅಥವಾ ಕಂಡರೂ ಸೇವ್ ಆಗದಿದ್ದರೆ, ನಮ್ಮಲ್ಲಿ ತೀರ್ಪು ಸಿದ್ಧವಾಗಿಯೇ ಇರುತ್ತದೆ: ‘ವೈರಸ್ ಹೊಕ್ಕಿದೆ’, ಇಲ್ಲವೇ ‘ಹಾರ್ಡ್ ಡಿಸ್ಕ್ ಹೋಯಿತು’. ಆಮೇಲಿನ ಮಾತು ಫಾರ್ಮ್ಯಾಟ್. ಕಂಪ್ಯೂಟರ್ ಬಲ್ಲವರೂ ಬಿಡದ ಮೂಢನಂಬಿಕೆ ಇದು. ವಿಂಡೋಸ್ 95 ಮತ್ತು 98ರ ಎಂಎಸ್‌ಡಾಸ್.ಸಿಸ್ ಫೈಲನ್ನೇ ನೋಡಿ. ಅದರ ಬೂಟ್‌ಜಿಯುಐ ಸಾಲಿನಲ್ಲಿರುವ 1ನ್ನು 0 ಮಾಡಿದರೆ ಯಂತ್ರ ವಿಂಡೋಸಿಗೆ ಹೋಗದೆ ಡಾಸ್ ಪ್ರಾಂಪ್ಟಿನಲ್ಲೇ ನಿಲ್ಲುತ್ತದೆ. ಹಳೆಯ ಡಾಸ್ ಪ್ರೋಗ್ರಾಮು ನಡೆಸುವವರಿಗೆ ಬೇಕಾದದ್ದೂ ಅಷ್ಟೇ. ಆದರೆ ಫೈಲುಗಳ ಪಟ್ಟಿಗಾಗಿ ‘ಡಿರ್’ ಎಂದು ಕೇಳಿದರೆ ಅಂಥ ಫೈಲೇ ಇಲ್ಲ ಎಂಬ ಉತ್ತರ. ಫೈಲು ಇದ್ದಲ್ಲೇ ಇದೆ. ಫ್ಯಾಟ್ ಪದ್ಧತಿಯ ಡಿಸ್ಕಿನಲ್ಲಿ ಪ್ರತಿ ಫೈಲಿನ ಹೆಸರಿಗೂ 32 ಬೈಟುಗಳ ಒಂದು ದಾಖಲೆ ಇರುತ್ತದೆ. ಮೊದಲ 11 ಬೈಟು ಹೆಸರಿಗೆ, 12ನೆಯದು ಫೈಲಿನ ಗುಣಕ್ಕೆ. ಆ ಒಂದೇ ಬೈಟಿನಲ್ಲಿ 1 ಎಂದರೆ ಓದಲು ಮಾತ್ರ, 2 ಎಂದರೆ ಮರೆಯಲ್ಲಿರಲಿ, 4 ಎಂದರೆ ಸಿಸ್ಟಮ್ಮಿನ ಸ್ವತ್ತು. ಮೂರೂ ಸೇರಿದರೆ 7. ಎಂಎಸ್‌ಡಾಸ್.ಸಿಸ್ ಮೇಲಿರುವುದು ಈ ಮೂರೂ ಗುರುತು. ಫೈಲಿನ ಒಳಗಿನ ಒಂದಕ್ಷರವೂ ಕೆಟ್ಟಿಲ್ಲ.

ಈ ಗುರುತುಗಳನ್ನು ತೆಗೆಯುವ ‘ಅಟ್ರಿಬ್’ ಆದೇಶ ಹಲವರಿಗೆ ಗೊತ್ತು. ಅದರ ಹಟ ಗೊತ್ತಿಲ್ಲ. ‘ಓದಲು ಮಾತ್ರ’ ಗುರುತನ್ನಷ್ಟೇ ತೆಗೆಯಲು ಬರೀ ‘ಮೈನಸ್ ಆರ್’ ಕೊಟ್ಟರೆ, ಅಡಗಿದ ಫೈಲನ್ನು ಬದಲಿಸುವುದಿಲ್ಲ ಎಂದು ಅದು ಸುಮ್ಮನಾಗುತ್ತದೆ. ಆರ್ (ಓದಲು ಮಾತ್ರ), ಎಸ್ (ಸಿಸ್ಟಮ್), ಎಚ್ (ಮರೆ) ಮೂರನ್ನೂ ಒಂದೇ ಸಾಲಿನಲ್ಲಿ ತೆಗೆಯಬೇಕು. ವಿಂಡೋಸ್ ಎಕ್ಸ್‌ಪಿಯ ನೋಟ್‌ಪ್ಯಾಡ್ ಇನ್ನೂ ತಮಾಷೆ. ಓದಲು ಮಾತ್ರ ಎಂಬ ಗುರುತಿರುವ ಬೂಟ್.ಐಎನ್ಐ ಎಂಬ ಸ್ಟಾರ್ಟಪ್ ಫೈಲನ್ನು ಸೇವ್ ಮಾಡಹೊರಟರೆ, ಫೈಲನ್ನು ಸೃಷ್ಟಿಸಲಾಗದು, ಹೆಸರೂ ಹಾದಿಯೂ ಸರಿಯಿದೆಯೇ ನೋಡಿ ಎನ್ನುತ್ತದೆ. ಎರಡೂ ಸರಿಯೇ ಇರುತ್ತವೆ! ಜನ ದಾರಿ ತಪ್ಪುವುದು ಇಂಥ ಸಂದೇಶಗಳಿಂದಲೇ.

ಯಾರು ಬೇಕಾದರೂ ತೆಗೆಯಬಹುದಾದ ಈ ಗುರುತು ಎಂಥ ರಕ್ಷಣೆ ಎಂದು ಕೇಳಬಹುದು. ಇದು ಬೀಗವಲ್ಲ, ಚಿಲಕ. ಕೈತಪ್ಪಿ ಅಳಿಸುವವರನ್ನು ತಡೆಯಲಷ್ಟೇ ಇಟ್ಟದ್ದು. ವೈರಸ್ಸುಗಳೂ ಫೈಲು ಅಡಗಿಸುವುದಿಲ್ಲವೇ ಎಂಬ ಆಕ್ಷೇಪ ಇನ್ನೂ ಗಟ್ಟಿ. ಪೆನ್ ಡ್ರೈವಿನ ಆಟೋರನ್ ವೈರಸ್ಸುಗಳು ಬಳಸಿದ್ದು ಇದೇ ಗುರುತುಗಳನ್ನು, ನಿಜ. ಆದರೆ ವಿಂಡೋಸೂ ಅವನ್ನೇ ಬಳಸುವುದರಿಂದ ಅಡಗಿರುವುದು ಯಾವ ಅಪರಾಧಕ್ಕೂ ಸಾಕ್ಷಿಯಾಗದು. ಡಿಸ್ಕೇ ಕೆಟ್ಟಿದ್ದರೆ ಡಾಸ್ ಬೇರೆಯೇ ರಾಗ ತೆಗೆಯುತ್ತದೆ: ಓದುವಾಗ ದೋಷ, ಅಬಾರ್ಟ್, ರಿಟ್ರೈ, ಫೇಲ್.

ವೈರಸ್ ಭಯದ ಅತಿ ಸೊಗಸಾದ ಕುರುಹು ಎಂಎಸ್‌ಡಾಸ್.ಸಿಸ್ ಒಳಗೇ ಇದೆ. ಕೊನೆಗೆ ಸಾಲುಗಟ್ಟಲೆ ‘ಎಕ್ಸ್’ ಅಕ್ಷರ, ಅರ್ಥವೇನೂ ಇಲ್ಲ. ಹಿಂದೆ ಡಾಸ್‌ನಲ್ಲಿ ಈ ಹೆಸರಿನದು ದೊಡ್ಡ ಪ್ರೋಗ್ರಾಮಾಗಿತ್ತು. ವಿಂಡೋಸ್ 95ರಲ್ಲಿ ಸಣ್ಣ ಪಠ್ಯವಾಯಿತು. 1024 ಬೈಟಿಗಿಂತ ಚಿಕ್ಕದಾದರೆ ಕೆಲವು ಆಂಟಿವೈರಸ್‌ಗಳು ಸೋಂಕು ತಗುಲಿದೆ ಎಂದು ಕೂಗಬಹುದಿತ್ತು. ಅದಕ್ಕೇ ಮೈಕ್ರೋಸಾಫ್ಟ್ ಈ ಎಕ್ಸ್‌ಗಳನ್ನು ತುಂಬಿ ಗಾತ್ರ ಹಿಗ್ಗಿಸಿತು. ಕಸವೆಂದು ಅವನ್ನು ಗುಡಿಸಿದವರು ಇಲ್ಲದ ವೈರಸ್ಸನ್ನು ತಾವೇ ಕರೆದಂತೆ. ತಿದ್ದುವ ಮೊದಲು ಒಂದು ಪ್ರತಿ ತೆಗೆದಿಡಿ, ತಿದ್ದಿದ ಮೇಲೆ ಪ್ಲಸ್ ಆರ್, ಪ್ಲಸ್ ಎಸ್, ಪ್ಲಸ್ ಎಚ್ ಕೊಟ್ಟು ಮೂರೂ ಗುರುತುಗಳನ್ನು ಮತ್ತೆ ಹಾಕಿ.