ಟೈಟಲ್ ಕಾರ್ಡಿಲ್ಲದ ಹೀರೋಗಳು!

ಶುಕ್ರವಾರ ಅಂದ್ರೆ ನಮಗೆಲ್ಲ ಏನು? ಹಬ್ಬ! ಕಟೌಟು, ಹಾಲಿನ ಅಭಿಷೇಕ, ತಮಟೆ, ಮೊದಲ ಆಟ... ಆದರೆ ಇದೇ ಬೆಂಗಳೂರಿನ ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳಲ್ಲಿ ಶುಕ್ರವಾರ ಅಂದರೆ ಬೆಚ್ಚಿ ಬೀಳುವ ಒಂದು ಪಂಗಡವಿದೆ. "ಇವತ್ತು ಮಾತ್ರ ರಿಲೀಸ್ ಬೇಡ ಗುರುವೇ" ಅಂತ ಕೈ ಮುಗಿಯುತ್ತಾರೆ! ಇವರು ಮೊಬೈಲ್ ಆಪ್ ಬರೆಯುವ ಹುಡುಗರು. ರಿಲೀಸ್ ಆದಮೇಲೆ ಎಡವಟ್ಟಾದರೆ ಶನಿವಾರ, ಭಾನುವಾರ ಎರಡೂ ಮಣ್ಣುಪಾಲು.

ನನಗೆ ಇದನ್ನೆಲ್ಲ ಹೇಳಿದವನು ನನ್ನ ಪಿಯುಸಿ ಗೆಳೆಯ. ಇಬ್ಬರೂ ಕ್ಲಾಸಿಗೆ ಚಕ್ಕರ್ ಹೊಡೆದು ಗಾಂಧಿನಗರದ ಕಪಾಲಿಯಲ್ಲಿ ಗಾಂಧಿ ಕ್ಲಾಸ್ ಹಿಡಿಯುತ್ತಿದ್ದೆವು. (ಆ ಕಪಾಲಿಯೇ ಈಗಿಲ್ಲ ಬಿಡಿ!) ನಾನು ಪಿಯುಸಿಯಲ್ಲೇ ಪುಸ್ತಕ ಮಡಚಿ ಪೆನ್ನು ಹಿಡಿದೆ. ಅವನು ಹೇಗೋ ಈಜಿ ದಡ ಸೇರಿ ಇಂಜಿನಿಯರ್ ಆದ. ಹೆಸರು ಹಾಕಬೇಡ ಅಂದಿದ್ದಾನೆ. ಕಂಪನಿ ಹೆಸರಂತೂ ಬೇಡವೇ ಬೇಡವಂತೆ.

ಒಂದೇ ಶೂಟಿಂಗ್, ಎರಡು ಭಾಷೆ

2008ರ ಜುಲೈನಲ್ಲಿ ಆಪಲ್‌ನವರು ಆಪ್ ಅಂಗಡಿ ತೆರೆದಾಗ ಅದರಲ್ಲಿದ್ದದ್ದು ಸುಮಾರು 500 ಆಪ್. ಅದೇ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ಅಂಗಡಿಯೂ ಬಂತು. ಅಲ್ಲಿಂದ ತಾಪತ್ರಯ ಶುರು. ಒಂದೇ ಕಥೆಯನ್ನು ಕನ್ನಡಕ್ಕೊಮ್ಮೆ ತೆಲುಗಿಗೊಮ್ಮೆ ಶೂಟಿಂಗ್ ಮಾಡಿದ ಹಾಗೆ, ಒಂದೇ ಆಪನ್ನು ಎರಡು ಸಲ ಬರೆಯಬೇಕು. ಆಂಡ್ರಾಯ್ಡಿಗೆ ಒಂದು ತಂಡ, ಐಫೋನಿಗೆ ಇನ್ನೊಂದು.

ನನ್ನ ಗೆಳೆಯ ಕಾಲೇಜಿನಲ್ಲಿ ಕಲಿತದ್ದು ಜಾವಾ. 2019ರಲ್ಲಿ ಗೂಗಲ್‌ನವರು "ಇನ್ಮೇಲೆ ಕೋಟ್ಲಿನ್‌ಗೇ ಮೊದಲ ಮಣೆ" ಅಂದರು. ಅದನ್ನೂ ಕಲಿತ. ಅಷ್ಟರಲ್ಲಿ ಫ್ಲಟರ್ ಅನ್ನೋದು ಊರೆಲ್ಲ ಹಬ್ಬಿತ್ತು. 2018ರ ಡಿಸೆಂಬರಿನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂದಿತ್ತು. ಒಮ್ಮೆ ಬರೆದರೆ ಎರಡೂ ಫೋನಿನಲ್ಲಿ ಓಡುತ್ತೆ. ಆದರೆ ಅದಕ್ಕೆ ಡಾರ್ಟ್ ಅನ್ನೋ ಮತ್ತೊಂದು ಭಾಷೆ! ಈಗ ಎಐ ಬೇರೆ. "ಕೋಡನ್ನ ಅದೇ ಬರೆದು ಕೊಡುತ್ತೆ ಕಣೋ. ಓದಿ ತಪ್ಪು ಹಿಡಿಯೋ ಕರ್ಮ ಮಾತ್ರ ನಮ್ದು" ಅಂತಾನೆ.

ಒಂದೇ ಶೂಟಿಂಗ್ ಅಂದ್ರೆ ನಿರ್ಮಾಪಕನಿಗೆ ಖರ್ಚು ಉಳಿತಾಯ. ಉಳಿಯೋದು ಖರ್ಚು ಸರಿ, ಹೋಗೋರು ಯಾರು? ಇವನ ಕಂಪನಿಯಲ್ಲಿ ಆಂಡ್ರಾಯ್ಡ್ ಕಡೆ ನಾಲ್ವರು, ಐಫೋನ್ ಕಡೆ ನಾಲ್ವರು. ಎರಡೂ ತಂಡ ಸೇರಿಸಿ "ಐದು ಕುರ್ಚಿ ಸಾಕು" ಅಂದರು ಮೇಲಿನವರು. ಮೂರು ತಿಂಗಳ ವಾಯಿದೆ!

ಡೂಪ್ ಮಾಡಬೇಕಿದ್ದ ಕೆಲಸ

ಆ ಮೂರು ತಿಂಗಳ ನಡುವೆಯೇ ಬಂತು ಐದನೇ ತಾರೀಕು. ಇವರದು ಸಾಲದ ಕಂತು ಕಟ್ಟುವ ಆಪ್. ನನ್ನ ಬೈಕಿನ ಕಂತೂ ಅದರಲ್ಲೇ. ಅವತ್ತು ರಾತ್ರಿ ಆಪ್ ತೆರೆದೆ, ಪರದೆ ಕಲ್ಲಾಗಿ ನಿಂತಿತು! ಕಟ್ಟದಿದ್ದರೆ ದಂಡ. "ಲೋ, ನಿಮ್ಮ ಆಪ್ ಸತ್ತು ಬಿದ್ದಿದೆ" ಅಂತ ಫೋನಿನಲ್ಲೇ ಬೈದೆ. ಆ ಕಡೆಯಿಂದ ಸಣ್ಣ ದನಿ: "ಗೊತ್ತು ಮಗಾ. ನಾನೇ ಬರೆದಿದ್ದು."

ಏನಾಗಿತ್ತು ಅಂದ್ರೆ... ಆಪಿನಲ್ಲಿ ಮೇನ್ ಥ್ರೆಡ್ ಅಂತ ಒಂದಿರುತ್ತೆ. ಅದೇ ಹೀರೋ. ಪರದೆ ಮೇಲೆ ಕಾಣೋದೆಲ್ಲ ಅದರ ಕೆಲಸ. ಭಾರದ ಫೈಟಿಂಗ್ ಏನಿದ್ದರೂ ಹಿಂದಿರುವ ಡೂಪ್ ಥ್ರೆಡ್ಡಿಗೆ ಕೊಡಬೇಕು. ಹೀರೋ ಕೈಲೇ ಮಾಡಿಸಿದರೆ ಅವನು ಸುಸ್ತಾಗಿ ನಿಂತುಬಿಡ್ತಾನೆ. ಮುಟ್ಟಿದ್ದಕ್ಕೆ 5 ಸೆಕೆಂಡ್ ಉತ್ತರ ಬರದಿದ್ದರೆ ಆಂಡ್ರಾಯ್ಡೇ "ಈ ಆಪ್ ಸ್ಪಂದಿಸುತ್ತಿಲ್ಲ" ಅಂತ ಬೋರ್ಡು ಹಾಕುತ್ತೆ. ನನ್ನ ಗೆಳೆಯ ಹಳೆ ರಸೀದಿಗಳನ್ನೆಲ್ಲ ಓದುವ ಕೆಲಸವನ್ನು ಹೀರೋ ತಲೆಗೇ ಕಟ್ಟಿದ್ದ! ಆಫೀಸಿನ ಹೊಸ ಫೋನಿನಲ್ಲಿ ನಾಲ್ಕೇ ರಸೀದಿ, ಸಲೀಸಾಗಿ ಓಡಿತು. ಮೊದಲು ನೂರಕ್ಕೆ ಐದು ಜನರಿಗೆ ಬಿಟ್ಟು ನೋಡಿದರು, ನಮ್ಮ ಪ್ರಿವ್ಯೂ ಷೋ ಥರ. ತಿಂಗಳ ಕೊನೆ, ತೆರೆದವರೇ ಕಮ್ಮಿ. ಹಳೇ ಫೋನು, ಮೂರು ವರ್ಷದ ರಸೀದಿ ಇಟ್ಟುಕೊಂಡ ನಮ್ಮಂಥವರು ಐದನೇ ತಾರೀಕು ಒಟ್ಟಿಗೇ ನುಗ್ಗಿದೆವು. ಒಮ್ಮೆ ಜನರ ಫೋನಿಗೆ ಇಳಿದ ಆಪನ್ನು ವಾಪಸು ಕರೆಸೋಕೂ ಆಗಲ್ಲ, ಹೊಸದನ್ನೇ ಕಳಿಸಬೇಕು.

ರಾತ್ರಿಯಿಡೀ ಅವನ ಪಕ್ಕ ಕೂತವನು ಐಫೋನ್ ತಂಡದ ಒಬ್ಬ ಹುಬ್ಬಳ್ಳಿ ಹುಡುಗ. ಅಂದರೆ ಅದೇ ಐದು ಕುರ್ಚಿಗೆ ಎದುರಾಳಿ! "ಅಂಜಬ್ಯಾಡ, ಇಬ್ರೂ ಕೂಡಿ ನೋಡೋಣು" ಅಂದನಂತೆ. ನಾಲ್ಕು ಗಂಟೆಗೆ ಸರಿಹೋಯಿತು. ಬೆಳಿಗ್ಗೆ ಮೀಟಿಂಗಿನಲ್ಲಿ ನನ್ನ ಗೆಳೆಯ ತಾನೇ ಎದ್ದು ನಿಂತು "ತಪ್ಪು ನನ್ನದು" ಅಂದ.

"ಸುಮ್ನಿರಬಹುದಿತ್ತಲ್ಲೋ, ಕೆಲಸ ಹೋಗೋ ಟೈಮಲ್ಲಿ!" ಅಂದೆ.

"ಗಿಟ್ ಬ್ಲೇಮ್ ಅಂತ ಇದೆ ಕಣೋ. ಒತ್ತಿದರೆ ಪ್ರತಿ ಸಾಲಿನ ಪಕ್ಕ ಬರೆದವನ ಹೆಸರು ಬರುತ್ತೆ. ನಮಗೆ ಟೈಟಲ್ ಕಾರ್ಡ್ ಇರೋದು ಅಲ್ಲೊಂದೇ ಕಡೆ."

ಹೆಸರು ಬಂದರೆ ಹೊಗಳೋಕಲ್ಲ, ಹಿಡಿಯೋಕೆ! ಲೈಟ್ ಬಾಯ್‌ಗೂ ನಮ್ಮ ಸಿನಿಮಾದಲ್ಲಿ ಇದಕ್ಕಿಂತ ಮರ್ಯಾದೆ ಇದೆ ಅನ್ನಿಸಿತು.

ಐದು ಹೆಸರಿನ ಪಟ್ಟಿ ಬಂತು. ನನ್ನ ಗೆಳೆಯ ಇದ್ದ. ಹುಬ್ಬಳ್ಳಿಯವನು ಇರಲಿಲ್ಲ. ಯಾಕೆ ಅಂತ ಇಬ್ಬರಿಗೂ ಯಾರೂ ಹೇಳಲಿಲ್ಲ.

ಮುಂದಿನ ಶುಕ್ರವಾರ ಗಾಂಧಿನಗರದಲ್ಲಿ ಮೂವರೂ ಫಸ್ಟ್ ಷೋಗೆ ಹೋದೆವು. ಟಿಕೆಟ್ ಹುಬ್ಬಳ್ಳಿಯವನದೇ, ನಮ್ಮಿಬ್ಬರನ್ನೂ ಜೇಬಿಗೆ ಕೈ ಹಾಕಲು ಬಿಡಲಿಲ್ಲ. ಹೀರೋ ಎಂಟ್ರಿಗೆ ಅವನು ಹೊಡೆದ ಶಿಳ್ಳೆ ಇನ್ನೂ ಕಿವಿಯಲ್ಲಿದೆ. ಇಂಟರ್ವಲ್‌ನಲ್ಲಿ ನನ್ನ ಗೆಳೆಯನಿಗೆ ಆಫೀಸಿನ ಫೋನು. ಹೊರಗೆ ಹೋದವನು ಕ್ಲೈಮ್ಯಾಕ್ಸಿಗೆ ವಾಪಸು ಬಂದ. ಜನ ಎದ್ದು ಹೋದರೂ ನಾವು ಏಳಲಿಲ್ಲ. ಪರದೆ ಮೇಲೆ ಹೆಸರುಗಳು ಓಡುತ್ತಲೇ ಇದ್ದವು... ಸಹಾಯಕರು, ಡ್ರೈವರ್‌ಗಳು, ಊಟದವರು. ಹುಬ್ಬಳ್ಳಿಯವನು ಒಂದೊಂದನ್ನೂ ಗಟ್ಟಿಯಾಗಿ ಓದುತ್ತಿದ್ದ.

"ಏಳ್ರೀ, ಗುಡಿಸ್ಬೇಕು" ಅಂತ ಬಂದರು ಪೊರಕೆ ಹಿಡಿದ ಅಮ್ಮ.

"ಒಂದ್ ನಿಮಿಷ ಅಮ್ಮಾರ, ಇನ್ನೂ ಅದಾವ" ಅಂದ ಅವನು.