ಪ್ರಸಂಗ ಮತ್ತು ಸತ್ಯವೇದ ಅಧ್ಯಯನ: ತುಮಕೂರು ಸೀಮೆಯ ಸಭಾಪರಂಪರೆ

ತುಮಕೂರು ನಗರ, ಅದಕ್ಕೆ ಹೊಂದಿಕೊಂಡ ಸತ್ಯಮಂಗಲ, ಗುಬ್ಬಿ ಹಾಗೂ ಕುಣಿಗಲ್ ಸೇರಿದ ಸೀಮೆಯಲ್ಲಿ ಪ್ರೊಟೆಸ್ಟೆಂಟ್ ಕ್ರೈಸ್ತ ಸಂಪ್ರದಾಯಕ್ಕೆ ಸುಮಾರು 2 ಶತಮಾನಗಳ ಇತಿಹಾಸವಿದೆ. ಭಾನುವಾರದ ಆರಾಧನೆಯಲ್ಲಿ ಸಭಾಪಾಲಕರು ನೀಡುವ ಪ್ರಸಂಗ, ಅಂದರೆ ವೇದಭಾಗವೊಂದನ್ನು ಓದಿ ವಿವರಿಸುವ ಉಪದೇಶ, ಮತ್ತು ವಾರದ ನಡುವೆ ವಿಶ್ವಾಸಿಗಳು ಒಟ್ಟಾಗಿ ಕುಳಿತು ನಡೆಸುವ ಸತ್ಯವೇದ ಅಧ್ಯಯನ ಈ ಸಂಪ್ರದಾಯದ ಎರಡು ಮುಖ್ಯ ಅಂಗಗಳಾಗಿದ್ದು, ಒಂದು ಸೊರಗಿದರೆ ಇನ್ನೊಂದೂ ಬಲಗುಂದುತ್ತದೆ.

1830ರ ದಶಕದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ ಗುಬ್ಬಿಯಲ್ಲಿ ಕೆಲಸ ಆರಂಭಿಸಿತ್ತು. ಅಲ್ಲಿದ್ದ ಥಾಮಸ್ ಹಾಡ್ಸನ್ ಮುಂದೆ ಕನ್ನಡ ವ್ಯಾಕರಣವೊಂದನ್ನು ರಚಿಸಿದರೆ, ವಿಲಿಯಂ ಆರ್ಥರ್ ತಮ್ಮ ಮೈಸೂರು ಸೀಮೆಯ ಅನುಭವವನ್ನು 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅಷ್ಟರಲ್ಲಾಗಲೇ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ಸತ್ಯವೇದ ಕನ್ನಡದಲ್ಲಿ ದೊರಕಿದ್ದುದರಿಂದ, ಬೋಧಕರು ಹೇಳಿದ್ದನ್ನು ಕೇಳುವವರು ತಮ್ಮ ಭಾಷೆಯಲ್ಲೇ ಓದಿ ನೋಡುವ ದಾರಿ ತೆರೆದಿತ್ತು. 1947ರಲ್ಲಿ ಹಲವು ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ರೂಪುಗೊಂಡಾಗ ವೆಸ್ಲಿಯನ್ ಪರಂಪರೆಯೂ ಅದರೊಳಗೆ ಬೆರೆಯಿತು. ಕನ್ನಡದ ಬೋಧಕರನ್ನು ತರಬೇತುಗೊಳಿಸುತ್ತಿದ್ದ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿ 1965ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯೊಡನೆ ಒಂದಾಗಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು.

ಇಂಥ ಸಭೆಗಳಲ್ಲಿ ಪ್ರಸಂಗದ ವಿಷಯವನ್ನು ಬೋಧಕರು ಮನಬಂದಂತೆ ಆರಿಸಿಕೊಳ್ಳುವುದು ಕಡಿಮೆ. ವರ್ಷದ ಪ್ರತಿ ಭಾನುವಾರಕ್ಕೂ ಹಳೆಯ ಒಡಂಬಡಿಕೆ, ಅಪೊಸ್ತಲರ ಪತ್ರಿಕೆ ಮತ್ತು ಸುವಾರ್ತೆಗಳಿಂದ ಪಾಠಗಳು ಮೊದಲೇ ಗೊತ್ತಾಗಿರುತ್ತವೆಯಾದ್ದರಿಂದ, ಬೋಧಕರು ತಮಗೆ ಪ್ರಿಯವಾದ ಭಾಗಗಳಿಗೆ ಅಂಟಿಕೊಳ್ಳದೆ ಕಠಿಣ ಭಾಗಗಳನ್ನೂ ಎದುರಿಸಬೇಕಾಗುತ್ತದೆ. ಆ ಭಾಗವನ್ನು ಯಾರು ಯಾರಿಗೆ ಹೇಳಿದರು, ಅದರ ಹಿಂದುಮುಂದಿನ ವಚನಗಳೇನು, ಅಂದಿನವರಿಗೆ ಅದು ಹೇಗೆ ಕೇಳಿಸಿತು ಎಂಬುದನ್ನು ತಿಳಿದ ಮೇಲೆಯೇ ಇಂದಿನ ಬದುಕಿಗೆ ಅದರ ಅನ್ವಯವನ್ನು ಹೇಳುವುದು ಒಳ್ಳೆಯ ಪ್ರಸಂಗದ ಕ್ರಮವಾಗಿದೆ.

ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿರುವ ಬಿತ್ತುವವನ ಸಾಮ್ಯವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬೀಜ ದಾರಿಯ ಮಗ್ಗುಲಲ್ಲಿ, ಕಲ್ಲುನೆಲದಲ್ಲಿ, ಮುಳ್ಳುಗಿಡಗಳ ನಡುವೆ ಮತ್ತು ಹದವಾದ ನೆಲದಲ್ಲಿ ಬೀಳುತ್ತದೆ; ಕೊನೆಯದು ಮಾತ್ರ 30ರಷ್ಟು, 60ರಷ್ಟು, 100ರಷ್ಟು ಫಲ ಕೊಡುತ್ತದೆ. ಕೂರಿಗೆಯಿಂದ ಸಾಲುಹಿಡಿದು ರಾಗಿ ಬಿತ್ತುವುದನ್ನು ಬಲ್ಲ ಈ ಸೀಮೆಯ ಕೇಳುಗನಿಗೆ, ಬೀಜವನ್ನು ದಾರಿಯ ಮೇಲೆ ಬೀಳಿಸುವ ರೈತ ಅಜಾಗರೂಕನೆಂದು ತೋರುವುದು ಸಹಜ. ಪ್ಯಾಲೆಸ್ತೀನಿನಲ್ಲಿ ಕೈಯಿಂದ ಚೆಲ್ಲಿ ಬಿತ್ತುತ್ತಿದ್ದರೆಂದು ಬೋಧಕರು ವಿವರಿಸಿದಾಗ ಆ ತೊಡಕು ನಿವಾರಣೆಯಾಗಿ, ಬೀಜವೆಂದರೆ ದೇವರ ವಾಕ್ಯ, ನೆಲವೆಂದರೆ ಕೇಳುವವರ ಮನಸ್ಸು ಎಂದು ಅದೇ ಅಧ್ಯಾಯವು ಕೊಡುವ ಅರ್ಥದ ಕಡೆಗೆ ಗಮನ ಹರಿಯುತ್ತದೆ.

ಪ್ರಸಂಗದಲ್ಲಿ ಒಬ್ಬರೇ ಮಾತನಾಡಿದರೆ ಅಧ್ಯಯನಕೂಟದಲ್ಲಿ ಎಲ್ಲರಿಗೂ ಪ್ರಶ್ನೆ ಕೇಳುವ ಅವಕಾಶವಿರುತ್ತದೆ. ಇದರ ಒಂದು ಬೇರು ವೆಸ್ಲಿಯನ್ ಪರಂಪರೆಯಲ್ಲೇ ಇದೆ: ಜಾನ್ ವೆಸ್ಲಿಯ ಅನುಯಾಯಿಗಳು 1742ರಿಂದ ಸುಮಾರು 12 ಜನರ ಗುಂಪುಗಳಾಗಿ ವಾರಕ್ಕೊಮ್ಮೆ ಸೇರಿ ತಮ್ಮ ಆತ್ಮಿಕ ಜೀವನವನ್ನು ಪರಸ್ಪರ ಪರಿಶೀಲಿಸಿಕೊಳ್ಳುತ್ತಿದ್ದರು. ಇಂದಿನ ಕೂಟಗಳಲ್ಲಿ ಸಾಮಾನ್ಯವಾಗಿ ಪ್ರಾರ್ಥನೆಯ ನಂತರ ಒಂದು ಅಧ್ಯಾಯವನ್ನು ಸರದಿಯಂತೆ ಓದಿ, ವಚನ ಏನು ಹೇಳುತ್ತದೆ, ಅದರ ಅರ್ಥವೇನು, ತಾವು ಮಾಡಬೇಕಾದದ್ದೇನು ಎಂದು ಚರ್ಚಿಸಲಾಗುತ್ತದೆ. ಆರಾಧನೆಯಲ್ಲಿ ಮೌನವಾಗಿ ಕೂರುವ ಗೃಹಿಣಿಯೂ ಕಾಲೇಜು ವಿದ್ಯಾರ್ಥಿಯೂ ಇಲ್ಲಿ ತಮಗೆ ತಿಳಿಯದ್ದನ್ನು ಹಿಂಜರಿಯದೆ ಕೇಳಬಹುದು.

ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿ ಬೆರೋಯದವರು ಪೌಲನ ಮಾತನ್ನು ಆಸಕ್ತಿಯಿಂದ ಕೇಳಿದರೂ ಅದು ನಿಜವೋ ಎಂದು ಪ್ರತಿದಿನ ಶಾಸ್ತ್ರಗ್ರಂಥವನ್ನು ಶೋಧಿಸಿ ನೋಡುತ್ತಿದ್ದರೆಂದೂ, ಆ ಕಾರಣಕ್ಕೇ ಅವರು ಪ್ರಶಂಸೆಗೆ ಪಾತ್ರರಾದರೆಂದೂ ಹೇಳಿದೆ. ಓದಿ ಪರಿಶೀಲಿಸುವ ಸಭೆಯ ಮುಂದೆ ನಿಲ್ಲುವ ಬೋಧಕನು ಸಿದ್ಧತೆಯಿಲ್ಲದೆ ಮಾತನಾಡಲಾರನು, ವಚನವನ್ನು ತನ್ನ ಅನುಕೂಲಕ್ಕೆ ತಿರುಚಲಾರನು. ಆದ್ದರಿಂದ ಅಧ್ಯಯನಕೂಟವನ್ನು ಉಳಿಸಿ ಬೆಳೆಸುವುದು ಬೋಧಕನ ಗೌರವಕ್ಕೂ ಸಭೆಯ ಆರೋಗ್ಯಕ್ಕೂ ಅಗತ್ಯವಾದ ಕೆಲಸವಾಗಿದೆ.