ಕೆಳಗೆ ದೋಣಿ, ಮೇಲೆ ಮನೆ

ಈ ಮನೆಗಳನ್ನು ಸರಿಯಾಗಿ ನೋಡಿ. ನಾವು ಕಾರು ನಿಲ್ಲಿಸೋ ಜಾಗದಲ್ಲಿ ಇವರು ದೋಣಿ ನಿಲ್ಲಿಸುತ್ತಾರೆ!

ಇದು ಜಪಾನಿನ ಇನೆ. ಕ್ಯೋಟೋ ಪ್ರಾಂತ್ಯದ ಉತ್ತರ ಕರಾವಳಿಯಲ್ಲಿರೋ ಮೀನುಗಾರರ ಊರು. ಕೊಲ್ಲಿಯ ಸುತ್ತ ಇಂಥ ಮನೆಗಳು ಸುಮಾರು 230. ಹೆಸರು ಫುನಾಯಾ. ಕೆಳಗೆ ದೋಣಿ, ಬಲೆ, ಮೇಲೆ ಕೋಣೆ. ಸಂಸಾರ ಹೆಚ್ಚಾಗಿ ರಸ್ತೆಯಾಚೆಯ ದೊಡ್ಡ ಮನೆಯಲ್ಲಿ.

ಅಲೆ ಒಳಗೆ ನುಗ್ಗಲ್ವಾ? ಕೊಲ್ಲಿಯ ಬಾಯಿ ಇರೋದು ದಕ್ಷಿಣಕ್ಕೆ. ಆ ಬಾಯಿಗೆ ಅಡ್ಡವಾಗಿ ಆಓಶಿಮಾ ಅನ್ನೋ ಪುಟ್ಟ ದ್ವೀಪ. ಉಳಿದ ಮೂರೂ ಕಡೆ ಗುಡ್ಡ. ಜೊತೆಗೆ, ಇಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಬರೀ ಅರ್ಧ ಮೀಟರಿನಷ್ಟು. ನಮ್ಮ ಮಲ್ಪೆ ಕಡೆ ಹೀಗೆ ಕಟ್ಟಿದ್ದರೆ ದಿನಕ್ಕೆರಡು ಸಲ ಸಮುದ್ರವೇ ಮನೆ ತೊಳೆದುಕೊಡುತ್ತಿತ್ತು.

ಈಗ ಊಟ. ಬಟ್ಟಲು ತುಂಬ ಅನ್ನ, ಮೇಲೆ ಹಸಿ ಮೀನಿನ ಹೋಳು, ಸೋಯಾ ಸಾಸ್, ಮೂಗಿಗೇ ಏರೋ ವಸಾಬಿ. ಚಳಿಗಾಲವಾದರೆ ಬುರಿ ಮೀನು ಬಿಡಬೇಡಿ. ಆಗ ಅದರ ಮೈತುಂಬ ಕೊಬ್ಬು. ತೆಳ್ಳಗೆ ಕೊಯ್ದ ಹೋಳನ್ನು ಕುದಿಯೋ ಸಾರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಅಂಚು ಬೆಳ್ಳಗಾಗುತ್ತೆ, ನಡುವೆ ಹಸಿಯಾಗೇ ಇರುತ್ತೆ. ನನಗೆ ಬರೀ ಹಸಿ ಹೋಳಿನ ಸಾಶಿಮಿಗಿಂತ ಇದೇ ಇಷ್ಟ. ಸಸ್ಯಾಹಾರಿಗಳೇ, ಬುತ್ತಿ ಕಟ್ಟಿಕೊಳ್ಳಿ. ಮಿಸೋ ಸಾರಿಗೂ ಸಾಮಾನ್ಯವಾಗಿ ಮೀನಿನದೇ ರಸ.

ಕ್ಯೋಟೋ ನಗರದಿಂದ ಅಮಾನೊಹಾಶಿದಾತೆಗೆ ರೈಲಿನಲ್ಲಿ ಸುಮಾರು 2 ಗಂಟೆ, ಅಲ್ಲಿಂದ ಇನೆಗೆ ಬಸ್ಸಿನಲ್ಲಿ 1 ಗಂಟೆ. ಬಸ್ಸುಗಳು ಕಡಿಮೆ. ವಾಪಸ್ ಬರೋ ಬಸ್ಸಿನ ಸಮಯ ನೋಡಿಕೊಂಡೇ ಊಟಕ್ಕೆ ಕೂತ್ಕೊಳ್ಳಿ.